ಹಲ್ಲಿಗೆ ಹೊರಟ ಕುಂಬಳಬಳ್ಳಿ

ನನ್ನ ದೊಡ್ಡವ್ವನಿಗೆ ಒಂದೂ ಹಲ್ಲಿರಲಿಲ್ಲ. ಉಳಿದಿದ್ದ ಆರನ್ನೂ ಯುಗಾದಿಗೆ ಮೊದಲೇ ಕೀಳಿಸಿ, ಗೌಸ್ ಸಾಬರ ಅಂಗಡಿಯಲ್ಲಿ ವಸಡಿನ ಅಚ್ಚು ಕೊಟ್ಟು ಬಂದಿದ್ದಳು. ಗೌಸ್ ಸಾಬರು ನಮ್ಮ ಬೀದಿಯಲ್ಲೇ ಹಲ್ಲುಸೆಟ್ಟು ಮಾಡುವವರು. 'ಸೋಮವಾರ ಬನ್ನಿ ಅಕ್ಕಾ, ಇಪ್ಪತ್ತೆಂಟೂ ರೆಡಿ ಇರ್ತವೆ' ಎಂದಿದ್ದರು. ಭಾನುವಾರ ಸಂಜೆ ರೋಗದ ಆದೇಶ ಬಂತು. ಸೋಮವಾರ ಯಾರೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಆದೇಶದಲ್ಲಿ ಎರಡೇ ಸಾಲು. ಹೊರಗೆ ಬಂದವರು ಮಾಸ್ಕು ಹಾಕಬೇಕು. ಪ್ರತಿ ಮನೆಯವರು ತಮ್ಮ ಹೊಸ್ತಿಲ ಪಕ್ಕ ಬೇರೂರಿದ ಒಂದು ಬಳ್ಳಿ ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಯವರೆಗೆ ಮಾತ್ರ ಹೋಗಬಹುದು. ಬೇರೆ ಊರುಗಳಲ್ಲಿ ಪೊಲೀಸರು ಲಾಠಿ ಹಿಡಿದು ನಿಂತಿದ್ದರಂತೆ. ನಮ್ಮಲ್ಲಿ ಟೇಪು ಹಿಡಿದು ನಿಂತರು.

ಎರಡನೆಯ ವಾರ ಮೂರನೆಯ ಸಾಲೊಂದು ಸೇರಿತು. ಯಾರೋ ತಂಗಿಯ ಮನೆಗೆ ಸಾರಿನ ಡಬ್ಬಿಯನ್ನು ಮಾಳಿಗೆಯಿಂದ ಮಾಳಿಗೆಗೆ ಹಗ್ಗದಲ್ಲಿ ಕಳಿಸಲು ಹೋಗಿ, ಅದು ನಡುದಾರಿಯಲ್ಲಿ ಬಿಚ್ಚಿಕೊಂಡು, ಬಳ್ಳಿ ಅಳೆಯುತ್ತಿದ್ದ ಸಿದ್ದಪ್ಪಾಜಿಯ ಬೆನ್ನಿನ ಮೇಲೆ ಬಿತ್ತು. ಹುರುಳಿಕಾಳಿನ ಸಾರು, ಬಿಸಿಯಾಗಿತ್ತು. ಅಂದಿನಿಂದ ಹಗ್ಗ, ಕೋಲು, ಬುಟ್ಟಿ ಯಾವುದರಲ್ಲೂ ವಸ್ತು ದಾಟಿಸಕೂಡದು, ಎಸೆಯಲೂ ಕೂಡದು, ಕೊಡುವುದಾದರೆ ಕೈಯಿಂದ ಕೈಗೆ ಎಂದಾಯಿತು. ವಾರಕ್ಕೊಮ್ಮೆ ರೇಷನ್ ಗಾಡಿ ಬರುತ್ತಿತ್ತು. ಗಾಡಿಯವರು ಕೊಡುವವರೇ ಹೊರತು ಒಬ್ಬರದನ್ನು ಇನ್ನೊಬ್ಬರಿಗೆ ಮುಟ್ಟಿಸುವವರಲ್ಲ.

ಹಾಸ್ಟೆಲ್ ಮುಚ್ಚಿದ್ದರಿಂದ ನಾನು ಆದೇಶ ಬರುವ ಹಿಂದಿನ ದಿನವಷ್ಟೇ ಬಂದಿದ್ದೆ. ಅಪ್ಪ ಅವ್ವ ಇರುವ ಊರಿನ ಬಸ್ಸು ನಿಂತಿತ್ತು, ದೊಡ್ಡವ್ವನ ಊರಿನದು ಇನ್ನೂ ಓಡುತ್ತಿತ್ತು, ಅಷ್ಟೇ ಕಾರಣ. ಗಡಿಬಿಡಿಯಲ್ಲಿ ಟ್ರಂಕಿಗೆ ತುಂಬಿಕೊಂಡ ಲೈಬ್ರರಿ ಪುಸ್ತಕ ತರಕಾರಿ ಬೇಸಾಯದ್ದಾಗಿತ್ತು. ಕಾದಂಬರಿ ಎಂದುಕೊಂಡು ತಂದಿದ್ದೆ. ಯಾರೋ ಬೇರೆ ರಟ್ಟು ಹಾಕಿ ಹೊಲಿದಿದ್ದರು.

ನಮ್ಮೂರಲ್ಲಿ ಬಳ್ಳಿಗಳು ದಿನಕ್ಕೆ ಎರಡರಿಂದ ನಾಲ್ಕು ಅಡಿ ಹೋಗುತ್ತವೆ. ಮೊದಲಿನಿಂದಲೂ ಹಾಗೆಯೇ. ಮುಂಚೆ ಅದೊಂದು ಕಾಟವಾಗಿತ್ತು. ಮೂರು ದಿನ ನಿಲ್ಲಿಸಿದ ಸೈಕಲ್ಲನ್ನು ಕುಡುಗೋಲಿನಿಂದ ಬಿಡಿಸಿಕೊಳ್ಳಬೇಕಾಗುತ್ತಿತ್ತು. ಈಗ ಅದೇ ಪಾಸು. ಜನ ಹೊಸ್ತಿಲ ಪಕ್ಕದ ಸಿಮೆಂಟು ಒಡೆದು ಗುಣಿ ತೋಡಿದರು. ಅವಸರದವರು ಸೋರೆ ಹಾಕಿದರು, ಆಸೆ ಇದ್ದವರು ಹೀರೆ ಹಾಕಿದರು. ಬೀದಿಯ ಕೊನೆಯ ಮನೆಯಾತ ಬದನೆ ನೆಟ್ಟ. ಅದು ಬಳ್ಳಿಯಲ್ಲವಲ್ಲ ಎಂದರೆ, 'ಗೊತ್ತು, ನಮ್ಮತ್ತೆ ಮನೆ ಪಕ್ಕದ ಬೀದೀಲೇ ಅದೆ' ಎಂದ.

ದೊಡ್ಡವ್ವ ಅಟ್ಟದಿಂದ ಒಂದು ಗಂಟು ಇಳಿಸಿ, ಬೂದಿ ಹಚ್ಚಿಟ್ಟಿದ್ದ ಕುಂಬಳದ ಬೀಜ ತೆಗೆದಳು. ಏಳು ಬೀಜ ಊರಿ, ಹುಟ್ಟಿದ ಐದರಲ್ಲಿ ಒಂದನ್ನು ಉಳಿಸಿ ನಾಲ್ಕನ್ನು ಕಿತ್ತಳು. ನಮ್ಮ ಹೊಸ್ತಿಲಿಂದ ಗೌಸ್ ಸಾಬರ ಮೆಟ್ಟಿಲಿಗೆ ಎಂಬತ್ತನಾಲ್ಕು ಅಡಿ. ಸಿದ್ದಪ್ಪಾಜಿಯೇ ಅಳೆದು ಹೇಳಿದ.

ಸಿದ್ದಪ್ಪಾಜಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಟೇಲರು. ಶಾಲೆ ಮುಚ್ಚಿದ್ದರಿಂದ ಪುರಸಭೆಯವರು ಅವನನ್ನು ಅಳತೆಗೆ ಹಾಕಿಕೊಂಡಿದ್ದರು. ಅಳೆಯುವವನಿಗೆ ಬಳ್ಳಿ ಬೇಕಿರಲಿಲ್ಲ, ಎಲ್ಲಿ ಬೇಕಾದರೂ ಓಡಾಡಬಹುದಿತ್ತು. ಆದರೆ ಟೇಪು ಬಿಟ್ಟು ಬೇರೇನನ್ನೂ ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಬಳ್ಳಿಯ ಬುಡಕ್ಕೆ ಟೇಪಿನ ತುದಿ ಒತ್ತಿ, ಅರವತ್ತು ಅಂಗುಲಕ್ಕೊಮ್ಮೆ ಕುಕ್ಕರುಗಾಲಲ್ಲಿ ಮುಂದಕ್ಕೆ ಜಿಗಿಯುತ್ತ ಅಳೆಯುತ್ತಿದ್ದ. ಅವನ ಬಳಿ ಇದ್ದದ್ದು ಹಳೆಯ ಆರ್ಡರು ಪುಸ್ತಕ. ನಮ್ಮ ಕುಂಬಳದ ಉದ್ದವನ್ನು 'ತೋಳು' ಎಂಬ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತಿದ್ದ. ಮೊದಲ ವಾರ ಅಭ್ಯಾಸಬಲದಿಂದ, 'ಒಂದಿಂಚು ಲೂಸ್ ಬುಡ್ಲಾ?' ಎಂದು ಬಳ್ಳಿಯನ್ನೇ ಕೇಳಿದ್ದೂ ಉಂಟು.

ಗೌಸ್ ಸಾಬರು ತಾವೇ ಹಲ್ಲು ತಂದುಕೊಡಬಹುದಿತ್ತಲ್ಲ ಎಂದು ಕೇಳಬಹುದು. ಅವರ ಅಂಗಡಿ ಮುಂದೆ ಪೂರ್ತಿ ಕಲ್ಲುಚಪ್ಪಡಿ. ಮಣ್ಣು ಸಿಕ್ಕಿದ್ದು ಗೋಡೆಯ ಬುಡದ ಒಂದು ಸಂದಿಯಲ್ಲಿ ಮಾತ್ರ. ಅಲ್ಲಿ ತೊಂಡೆ ಹಾಕಿದರು, ಅದು ನೆಲಕ್ಕೆ ಇಳಿಯದೆ ಗೋಡೆ ಹಿಡಿದು ಮೇಲಕ್ಕೆ ಹೋಯಿತು. ಹಾಗಾಗಿ ಅವರಿಗೆ ಮೆಟ್ಟಿಲು ಬಿಟ್ಟರೆ ಮಾಳಿಗೆಗೆ ಹೋಗಲು ಮಾತ್ರ ಪರವಾನಗಿ ಇತ್ತು. ದಿನಾ ನಾಲ್ಕು ಗಂಟೆಗೆ ಮಾಳಿಗೆ ಹತ್ತಿ, ಗಾಜಿನ ಲೋಟದಿಂದ ದೊಡ್ಡವ್ವನ ಹಲ್ಲು ತೆಗೆದು, ಎರಡೂ ಸಾಲನ್ನು ಕೈಯಲ್ಲಿ ಹಿಡಿದು ಟಕ ಟಕ ಆಡಿಸುತ್ತಿದ್ದರು.

'ಅಕ್ಕಾ, ನೋಡಿ ನಗ್ತಾ ಅವೆ!'

ದೊಡ್ಡವ್ವ ಬಾಗಿಲಲ್ಲಿ ನಿಂತು ತನ್ನ ಹಲ್ಲಿಗೆ ಕೈ ಬೀಸುತ್ತಿದ್ದಳು.

'ಆರು ವಾರದೊಳ್ಗೆ ಬಂದ್ಬಿಡಿ ಅಕ್ಕಾ. ಆಮೇಲೆ ವಸಡು ಇಳ್ದುಹೋಗುತ್ತೆ. ಸೆಟ್ಟು ಕೂರಲ್ಲ. ಆಗ ನನ್ ಮೇಲೆ ಬೇಜಾರು ಮಾಡ್ಕೋಬೇಡಿ.'

'ಬಳ್ಳಿ ಬತ್ತಾ ಅದೆ ಸಾಬ್ರೇ, ಮಡಗಿರಿ!' ಎನ್ನುತ್ತಿದ್ದಳು ದೊಡ್ಡವ್ವ. ಇದನ್ನು ನಾನು ಹಲ್ಲು ಸೇರಿಸಿ ಬರೆಯುತ್ತಿದ್ದೇನೆ. ಅವಳ ಬಾಯಿಂದ ಬಂದದ್ದು ಮುಕ್ಕಾಲು ಪಾಲು ಗಾಳಿ.

ಹಲ್ಲು ಅವಳಿಗೆ ಊಟಕ್ಕೆ ಅಷ್ಟೇನೂ ಬೇಕಿರಲಿಲ್ಲ. ಮುದ್ದೆಯನ್ನು ನಮ್ಮ ಕಡೆ ಹಲ್ಲಿದ್ದವರೂ ಅಗಿಯುವುದಿಲ್ಲ. ಅವಳಿಗೆ ಹಲ್ಲು ಬೇಕಿದ್ದದ್ದು ಬೈಯಲು. ದೊಡ್ಡವ್ವನ ಹೆಸರು ಸಣ್ಣತಾಯಮ್ಮ. ಆಳು ನಾಲ್ಕು ಅಡಿ ಒಂಬತ್ತು ಅಂಗುಲ. ಆದರೆ ಅವಳು ಬಾಯಿ ತೆಗೆದರೆ ಬೀದಿಯ ನಲ್ಲಿಯ ಮುಂದೆ ಬಿಂದಿಗೆಗಳು ತಾವೇ ಸಾಲಾಗಿ ನಿಲ್ಲುತ್ತಿದ್ದವು. ನಲ್ಲಿ ನಮ್ಮ ಬಾಗಿಲಿಂದ ಹದಿನೆಂಟು ಅಡಿ, ಹದಿನಾಲ್ಕು ಮನೆಗೆ ಅದೊಂದೇ. ನೀರಿಗೆ ಬಂದವರ ಬಳ್ಳಿಯನ್ನು ಮಾತ್ರ ಯಾರೂ ಅಳೆಯುತ್ತಿರಲಿಲ್ಲ. ಮನೆಗೆ ಮೂರು ಬಿಂದಿಗೆ ಎಂಬುದು ದೊಡ್ಡವ್ವ ಮಾಡಿದ ಕಾನೂನು. ಇಪ್ಪತ್ತು ವರ್ಷದಲ್ಲಿ ಅದನ್ನು ಯಾರೂ ಬರೆದುಕೊಂಡಿರಲಿಲ್ಲ, ಯಾರೂ ಮುರಿದಿರಲಿಲ್ಲ.

ಮುರಿದವರು ಚೆಲುವರಾಜ್ ಮೇಷ್ಟ್ರು. ಎದುರು ಮನೆಯವರು, ನಿವೃತ್ತ ಡ್ರಿಲ್ ಮೇಷ್ಟ್ರು. ಸೀಟಿ ಇನ್ನೂ ಕೊರಳಲ್ಲೇ ಇತ್ತು. ಅವರು ಸೋರೆ ಹಾಕಿದ್ದರು, ಅದರ ಗುರಿ ಗೌಸ್ ಸಾಬರ ಅಂಗಡಿಯನ್ನೂ ದಾಟಿ ಇರುವ ಟೀ ಅಂಗಡಿ. ಟೀ ಅಂಗಡಿ ಮುಚ್ಚಿತ್ತು. ಅದು ಅವರಿಗೆ ಮುಖ್ಯವಾಗಿರಲಿಲ್ಲ. ಅದರ ಬೆಂಚಿನ ಮೇಲೆ ಕೂರಬೇಕಿತ್ತು. ದೊಡ್ಡವ್ವನ ಬಾಯಲ್ಲಿ ಹಲ್ಲಿಲ್ಲ ಎಂಬುದು ಖಚಿತವಾದ ಮರುದಿನವೇ ಆರು ಬಿಂದಿಗೆ ತಂದರು.

ದೊಡ್ಡವ್ವ ಬಾಗಿಲಿಗೆ ಬಂದು ಬೈದಳು. ಮಾಸ್ಕಿನ ಒಳಗಿಂದ ಹಲ್ಲಿಲ್ಲದ ಬೈಗುಳ ಬಂದರೆ ಸೋರುವ ಸೈಕಲ್ ಟ್ಯೂಬಿನ ಹಾಗೆ ಕೇಳುತ್ತದೆ.

ಮೇಷ್ಟ್ರು ಕಿವಿಗೆ ಕೈ ಇಟ್ಟರು. 'ಏನಂದ್ರಿ ಸಣ್ತಾಯಮ್ನೋರೇ? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.'

ಅವಳು ಇನ್ನೊಂದು ಸಲ ಬೈದಳು. 'ಆಶೀರ್ವಾದ ಮಾಡ್ತಿದ್ದೀರಾ? ಮಾಡಿ, ಮಾಡಿ' ಎಂದು ಮೇಷ್ಟ್ರು ಏಳನೆಯ ಬಿಂದಿಗೆಗೆ ಮನೆಯೊಳಗೆ ಹೋದರು.

ದೊಡ್ಡವ್ವ ಒಳಗೆ ಬಂದು ಗೋಡೆಗೆ ಮುಖ ಮಾಡಿ ಕೂತಳು. ಮಧ್ಯಾಹ್ನ ಉಣ್ಣಲಿಲ್ಲ.

ನಾನು ಹೋಗಿ ಮಾತಾಡಿದೆ. ನನಗೆ ವಾದ ಮಾಡಲು ಬರುತ್ತದೆ, ಬೈಯಲು ಬರುವುದಿಲ್ಲ. ಹದಿನಾಲ್ಕು ಮನೆ, ಇಂತಿಷ್ಟು ನೀರು, ಸಮಾನ ಹಂಚಿಕೆ ಎಂದೆಲ್ಲ ಹೇಳಿದೆ. ಮೇಷ್ಟ್ರು ಎದೆಯುಬ್ಬಿಸಿ ಕೇಳಿ, 'ಚೆನ್ನಾಗ್ ಮಾತಾಡ್ತೀಯ ಜಯಶೀಲಾ, ಭಾಷಣ ಸ್ಪರ್ಧೇಲಿ ಹೆಸ್ರು ಕೊಡು' ಎಂದರು. ಬಿಂದಿಗೆ ಒಂದೂ ಕಡಿಮೆಯಾಗಲಿಲ್ಲ. ಅವರ ಸೋರೆ ದಿನಕ್ಕೆ ಮೂರೂವರೆ ಅಡಿ ಓಡುತ್ತಿತ್ತು. ಸರದಿಯ ಕೊನೆಯಲ್ಲಿದ್ದ ನಮಗೆ ದಿನಕ್ಕೆ ಒಂದೂವರೆ ಬಿಂದಿಗೆ ಸಿಗುತ್ತಿತ್ತು.

ಇದರ ಸುತ್ತು ಹೀಗೆ: ಹಲ್ಲಿಲ್ಲದೆ ಬೈಗುಳ ಇಲ್ಲ, ಬೈಗುಳ ಇಲ್ಲದೆ ನೀರಿಲ್ಲ, ನೀರಿಲ್ಲದೆ ಬಳ್ಳಿ ಇಲ್ಲ, ಬಳ್ಳಿ ಇಲ್ಲದೆ ಹಲ್ಲಿಲ್ಲ. ಮೇಷ್ಟ್ರ ಸೋರೆ ಗೌಸ್ ಸಾಬರ ಮೆಟ್ಟಿಲನ್ನು ಮುಟ್ಟಿಕೊಂಡೇ ಹೋಗುತ್ತಿದ್ದುದರಿಂದ ಅವರು ಮನಸ್ಸು ಮಾಡಿದ್ದರೆ ಹಲ್ಲು ತಂದುಕೊಡಬಹುದಿತ್ತು. ಇದನ್ನು ನಾನೇ ಒಮ್ಮೆ ಕೇಳಿದೆ.

'ಆ ಹಲ್ಲು ಬಂದ್ರೆ ಮೊದ್ಲು ಕಚ್ಚೋದು ಯಾರ್ನ ಹೇಳು?' ಎಂದರು ಮೇಷ್ಟ್ರು. ಈ ವಿಷಯದಲ್ಲಿ ಅವರು ಪ್ರಾಮಾಣಿಕರು.

ದೊಡ್ಡವ್ವನೂ ಬೇಡ ಎಂದಳು. 'ಅವ್ನ ಕೈಯಿಂದ ಇಸ್ಕಂಡ ಹಲ್ಲಲ್ಲಿ ಅವ್ನನ್ನೇ ಬೈಯಕಾಯ್ತದಾ ಕೂಸೇ? ನ್ಯಾಯವಾ ಅದು?'

ಅಂತೂ ನಮ್ಮ ಬಳ್ಳಿ ಆದೇಶ ಬಂದ ಇಪ್ಪತ್ತನೆಯ ದಿನಕ್ಕೆ ಮೂವತ್ತಾರು ಅಡಿ ಹೋಗಿತ್ತು. ಊರು ಅಷ್ಟರಲ್ಲಿ ಈ ಬದುಕಿಗೆ ಹೊಂದಿಕೊಂಡಿತ್ತು. ಬೆಳಿಗ್ಗೆ ಎದ್ದವರು ಮೊದಲು ಕುಡಿಯ ಮೂತಿ ತಿರುಗಿಸಿ, ಅದು ಬೇರೆ ಕಡೆ ಹೋಗದಂತೆ ಪಕ್ಕದಲ್ಲಿ ಕಲ್ಲಿಟ್ಟು, ಆಮೇಲೆ ಹಲ್ಲುಜ್ಜುತ್ತಿದ್ದರು. ಹಿಂದಿನ ಬೀದಿಯ ಒಬ್ಬರು ಹೀರೆಬಳ್ಳಿ ಹಿಡಿದು ಕ್ಷೌರದಂಗಡಿಯವರೆಗೆ ಹೋಗಿದ್ದಾಗ ಆಡೊಂದು ಬಳ್ಳಿಯನ್ನು ನಡುವೆ ತಿಂದುಹಾಕಿತು. ಆಡುಗಳಿಗೆ ಆದೇಶ ಅನ್ವಯಿಸುತ್ತಿರಲಿಲ್ಲ. ಬಳ್ಳಿಯಿಲ್ಲದೆ ಅವರು ಮನೆಗೆ ಮರಳುವಂತಿರಲಿಲ್ಲ. ಮನೆಯಿಂದ ಮತ್ತೆ ಕುಡಿ ಚಿಗುರಿ ಬರುವವರೆಗೆ ಒಂಬತ್ತು ದಿನ ಕ್ಷೌರದಂಗಡಿಯಲ್ಲೇ ಇದ್ದರು. ಬೇರೆ ಕೆಲಸವಿಲ್ಲದ ಕ್ಷೌರಿಕ ದಿನಕ್ಕೆರಡು ಸಲ ಗಡ್ಡ ಹೆರೆಯುತ್ತಿದ್ದ. ಮನೆಗೆ ಬಂದಾಗ ಅವರ ಮಗುವೇ ಗುರುತು ಹಿಡಿಯಲಿಲ್ಲ. ಮೂಲೆ ಮನೆಯ ಗಂಡಹೆಂಡಿರಿಬ್ಬರೂ ಕಾಯಿಲೆಯಾಗಿ ಆಸ್ಪತ್ರೆ ಸೇರಿದಾಗ, ಅವರ ಹಾಗಲಕ್ಕೆ ಹತ್ತಿರದ ಬಳ್ಳಿಯವರು ನೀರು ಹಾಕಿದರು. ಅವರು ಮರಳಿ ಬಂದಾಗ ಹಾಗಲ ಕೈಗೆಟಕುವಷ್ಟು ಕಾಯಿ ಬಿಟ್ಟಿತ್ತು. ಇಬ್ಬರಿಗೂ ನಾಲಿಗೆಯಲ್ಲಿ ರುಚಿ ಹೋಗಿತ್ತು, ಕಹಿ ಗೊತ್ತಾಗದೆ ಎಲ್ಲವನ್ನೂ ತಿಂದರು.

ಇಪ್ಪತ್ತನೆಯ ದಿನದಿಂದ ನಮ್ಮ ಕುಂಬಳ ನಿಂತುಬಿಟ್ಟಿತು. ಸಿದ್ದಪ್ಪಾಜಿ ಮೂವತ್ತೇಳು ಎಂದ, ಮರುದಿನ ಮೂವತ್ತೇಳೂವರೆ ಎಂದ, ಆಮೇಲೆ ಮತ್ತೆ ಮೂವತ್ತೇಳು ಎಂದ.

'ತೊಳೆದ್ರೆ ಕುಗ್ಗೋ ಬಟ್ಟೆ ಕಂಡಿವ್ನಿ,' ಎಂದ ಅವನು. 'ಬಳ್ಳಿ ಕುಗ್ಗೋದು ಕಾಣೆ ಕಣವ್ವಾ.'

ಮುಂದಕ್ಕೆ ಹೋಗುವ ಬದಲು ಬಳ್ಳಿ ಪಕ್ಕಕ್ಕೆ ಕವಲೊಡೆಯುತ್ತಿತ್ತು. ನಾಲ್ಕು ಕವಲು, ಆಮೇಲೆ ಒಂಬತ್ತು. ಅಂಗಳವೆಲ್ಲ ತುಂಬಿಕೊಂಡಿತು, ಗೌಸ್ ಸಾಬರ ದಿಕ್ಕಿಗೆ ಮಾತ್ರ ಹೋಗಲೊಲ್ಲದು. ನನಗೆ ಮೊದಲು ಆಡಿನ ಮೇಲೆ ಅನುಮಾನ ಬಂತು. ಮಧ್ಯಾಹ್ನವೆಲ್ಲ ಕಿಟಕಿಯಲ್ಲಿ ಕೂತು ಕಾದೆ. ಆಡು ಬಂತು, ಕುಂಬಳದ ಎಲೆ ಮೂಸಿ, ಮೇಷ್ಟ್ರ ಸೋರೆಯನ್ನು ಮೂಸಿ, ಎರಡೂ ಬೇಡವೆಂದು ಪುರಸಭೆಯ ನೋಟೀಸು ತಿಂದು ಹೋಯಿತು. ಆಮೇಲೆ ಮೇಷ್ಟ್ರ ಮೇಲೆ ಅನುಮಾನ ಬಂತು. ಎದುರಿಗೇ ಕೇಳಿಬಿಟ್ಟೆ.

'ನೀರು ಕದೀತೀನಿ, ಒಪ್ಕೋತೀನಿ,' ಎಂದರು ಮೇಷ್ಟ್ರು. ಮುಖ ಕೆಂಪಾಗಿತ್ತು. 'ಕುಡಿ ಮುರಿಯೋ ಅಂಥ ಮನುಷ್ಯ ಅಲ್ಲ ನಾನು. ಬೆಳೆಯೋದ್ರ ಮೇಲೆ ಕೈ ಮಾಡಿಲ್ಲ.' ಶಾಲೆಯಲ್ಲಿ ಅವರಿಂದ ಏಟು ತಿಂದ ಮೂವರು ಆಗ ತಂತಮ್ಮ ಬಳ್ಳಿಯ ಮೇಲೆ ನಿಂತು ಕೇಳುತ್ತಿದ್ದರು. ಒಬ್ಬ ಕೆಮ್ಮಿದ.

ಆ ದಿನಗಳಲ್ಲಿ ಊಟ ಮಾತ್ರ ಚೆನ್ನಾಗಿತ್ತು. ಹಾಸ್ಟೆಲಿನ ನೀರು ಸಾಂಬಾರು ತಿಂದು ಬಂದವಳಿಗೆ ದೊಡ್ಡವ್ವ ಮಾಡುತ್ತಿದ್ದ ಬಸ್ಸಾರು, ಪಲ್ಯ, ಎರಡೂ ಅಮೃತ. ಸೊಪ್ಪು ಬೆಣ್ಣೆಯ ಹಾಗಿತ್ತು. ನಾನು ಎರಡೆರಡು ಸಲ ಬಡಿಸಿಕೊಂಡು, 'ದೊಡ್ಡವ್ವ, ನಿನ್ನ ಕೈಗೆ ಬಂಗಾರದ ಬಳೆ ಹಾಕ್ಬೇಕು' ಎಂದಿದ್ದೆ. ರೇಷನ್ ಗಾಡಿಯಲ್ಲಿ ಸೊಪ್ಪು ಬರುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೂವತ್ತೊಂದನೆಯ ದಿನ, ಬೇಸರಕ್ಕೆ ಲೈಬ್ರರಿ ಪುಸ್ತಕ ತೆಗೆದು ಕುಂಬಳದ ಅಧ್ಯಾಯ ಓದುತ್ತ ಊಟಕ್ಕೆ ಕೂತಿದ್ದೆ. ಬಳ್ಳಿಯ ಕುಡಿಯನ್ನು ಚಿವುಟಿದಲ್ಲಿ ಅದು ಉದ್ದಕ್ಕೆ ಬೆಳೆಯುವುದನ್ನು ನಿಲ್ಲಿಸಿ ಪಕ್ಕಕ್ಕೆ ಕವಲೊಡೆಯುತ್ತದೆ, ಎಂದಿತ್ತು. ಕೆಳಗೊಂದು ಚಿತ್ರವಿತ್ತು. ಚಿತ್ರದಲ್ಲಿ ಸುರುಳಿ ಸುತ್ತಿಕೊಂಡ, ರೋಮ ರೋಮದ ಎಳೆಯ ಕುಡಿ. ತಟ್ಟೆ ನೋಡಿದೆ. ತಟ್ಟೆಯಲ್ಲಿ ಸುರುಳಿ ಸುತ್ತಿಕೊಂಡ, ರೋಮ ರೋಮದ ಎಳೆಯ ಕುಡಿ.

'ದೊಡ್ಡವ್ವ, ಈ ಸೊಪ್ಪು ಎಲ್ಲೀದು?'

'ಬಳ್ಳೀದು.'

'ಯಾವ ಬಳ್ಳೀದು?'

'ನಮ್ದೇ ಕಣೇ. ಊರೋರ ಬಳ್ಳಿ ಚಿವುಟಕೆ ನಾನೇನು ಕಳ್ಳಿನಾ?'

'ಅದು ನಿನ್ನ ಹಲ್ಲಿಗೆ ಹೋಗ್ತಿರೋ ಬಳ್ಳಿ!'

ದೊಡ್ಡವ್ವ ತುತ್ತನ್ನು ಕೈಯಲ್ಲೇ ತಿರುಗಿಸಿ ನೋಡಿದಳು. 'ಹಲ್ಲಿಲ್ದೋರು ಇನ್ನೇನ ತಿನ್ಬೇಕು ಹೇಳು ಮತ್ತೆ. ಕಾಳು ಅಗಿಯಕಾಯ್ತದಾ, ಕಾಯಿ ಕಡಿಯಕಾಯ್ತದಾ? ಬಾಯ್ಗಿಟ್ರೆ ಕರಗೋದು ಇದೊಂದೇ.' ಆಮೇಲೆ ದನಿ ತಗ್ಗಿಸಿ, 'ಬೆಳಗ್ಗೆ ಎದ್ದು ಬಳ್ಳಿ ಮುಂದ್ಕೆ ನಿಂತ್ಕಂಡ್ರೆ ಕೈ ತಾನಾಗೇ ಹೋಯ್ತದೆ ಕೂಸೇ. ಅರವತ್ತು ವರ್ಷದಿಂದ ಚಿವುಟಿವ್ನಿ. ಕುಡಿ ಚಿವುಟ್ದಿದ್ರೆ ಕಾಯಿ ನಿಲ್ಲಕಿಲ್ಲ ಅಂತ ನಮ್ಮತ್ತೆ ಕೈ ಮೇಲೆ ಹೊಡ್ದು ಕಲಿಸ್ದೋಳು' ಎಂದಳು.

ನಾನು ಎದ್ದು ಅಂಗಳಕ್ಕೆ ಹೋಗಿ ನೋಡಿದೆ. ಒಂದೊಂದು ಕವಲಿನ ತುದಿಯಲ್ಲೂ ಹೆಬ್ಬೆರಳ ಉಗುರಿನ ಗುರುತಿತ್ತು. ಹನ್ನೊಂದು ದಿನದಲ್ಲಿ ನಾವಿಬ್ಬರೂ ಸೇರಿ ಸುಮಾರು ಮೂವತ್ತು ಅಡಿ ದಾರಿಯನ್ನು ಮುದ್ದೆಯ ಜೊತೆ ಉಂಡಿದ್ದೆವು. ಅದರಲ್ಲಿ ಹೆಚ್ಚು ಪಾಲು ನನ್ನದೇ.

ಮೇಷ್ಟ್ರ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಏನಾಯಿತೆಂದು ಅವರು ಕೇಳಿದರು, ನಾನು ಹೇಳಿದೆ. ಹೇಳಬಾರದಿತ್ತು. ಅವರು ನಕ್ಕ ನಗೆಗೆ ಕೊರಳ ಸೀಟಿ ತಾನಾಗಿಯೇ ಊದಿತು ಎಂದು ಬೀದಿಯವರು ಇಂದಿಗೂ ಹೇಳುತ್ತಾರೆ. ಅದು ಸುಳ್ಳು. ಅವರು ಬೇಕೆಂದೇ ಊದಿದರು, ಎಲ್ಲರನ್ನೂ ಬಾಗಿಲಿಗೆ ಕರೆದು ವಿಷಯ ತಿಳಿಸಲು.

ಅಂದಿನಿಂದ ದೊಡ್ಡವ್ವನ ಎರಡೂ ಕೈಗೆ ನನ್ನ ಹಾಸ್ಟೆಲಿನ ಕಾಲುಚೀಲ ಹಾಕಿ ಮಣಿಕಟ್ಟಿನ ಹತ್ತಿರ ದಾರ ಕಟ್ಟಿದೆ. ಊಟದ ಹೊತ್ತಿಗೆ ಬಿಚ್ಚುತ್ತಿದ್ದೆ. ಅವಳು ತಕರಾರು ಮಾಡಲಿಲ್ಲ. ಬೆಳಿಗ್ಗೆ ಬಳ್ಳಿಯ ಮುಂದೆ ನಿಂತು, ಕಾಲುಚೀಲದ ಕೈಯಲ್ಲಿ ಕುಡಿಯನ್ನು ಸವರಿ, ನಿಟ್ಟುಸಿರು ಬಿಟ್ಟು ಬರುತ್ತಿದ್ದಳು. ಒಂದು ಕವಲನ್ನು ಮಾತ್ರ ಉಳಿಸಿ ಮಿಕ್ಕವನ್ನೆಲ್ಲ ಕತ್ತರಿಸಿದೆ. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ಎಲ್ಲ ಬುಡಕ್ಕೆ. ದೊಡ್ಡವ್ವ ಮೀಯುವುದನ್ನು ನಿಲ್ಲಿಸಿದಳು. 'ಹಲ್ಲು ಬಂದ ಮ್ಯಾಲೆ ಒಟ್ಟಿಗೇ ಮೀಯ್ತೀನಿ' ಎಂದಳು. ಹನ್ನೊಂದು ದಿನ ನಾನು ಅವಳಿಂದ ಸ್ವಲ್ಪ ದೂರ ಕೂತೆ. ಆದೇಶದಲ್ಲಿ ಆ ಸಾಲು ಇರಲಿಲ್ಲ.

ಬಳ್ಳಿ ಓಡಿತು. ನಲವತ್ತು, ನಲವತ್ತನಾಲ್ಕು, ಐವತ್ತು. ಐವತ್ತೈದನೆಯ ಅಡಿಯ ಹತ್ತಿರ ಮೇಷ್ಟ್ರ ಸೋರೆಯನ್ನು ಅಡ್ಡ ದಾಟಬೇಕಾಯಿತು. ಮೇಲೆ ಹೋಗುವುದೋ ಕೆಳಗೆ ಹೋಗುವುದೋ ಎಂದು ಅರ್ಧ ದಿನ ಜಗಳವಾಗಿ, ಕೊನೆಗೆ ಸಿದ್ದಪ್ಪಾಜಿ, 'ಕಾಜದೊಳಗೆ ಗುಂಡಿ ಹೋದಂಗೆ ಹೋಗ್ಲಿ' ಎಂದು ತೀರ್ಪು ಕೊಟ್ಟ. ಅದರ ಅರ್ಥ ಯಾರಿಗೂ ಆಗಲಿಲ್ಲವಾದ್ದರಿಂದ ಜಗಳ ನಿಂತಿತು. ಬಳ್ಳಿ ಕೆಳಗೆ ನುಸುಳಿ ಹೋಯಿತು.

ನಲವತ್ತೆರಡನೆಯ ದಿನ, ಆರು ವಾರ ತುಂಬಿದ ದಿನ, ಬೆಳಿಗ್ಗೆ ಸಿದ್ದಪ್ಪಾಜಿ ಎಪ್ಪತ್ತೇಳು ಎಂದ. ಇನ್ನು ಏಳು ಅಡಿ. ನಾನು ಇನ್ನೆರಡು ಮೂರು ದಿನ ಕಾಯೋಣ ಎಂದೆ. ಅಷ್ಟರಲ್ಲಿ ಮೇಷ್ಟ್ರು ನಲ್ಲಿಯಲ್ಲಿ ಎಂಟನೆಯ ಬಿಂದಿಗೆ ಇಟ್ಟರು.

ದೊಡ್ಡವ್ವ ನನ್ನ ಮುಂದೆ ಎರಡೂ ಕೈ ಚಾಚಿದಳು. 'ಬಿಚ್ಚು' ಎಂದಳು.

ಕಾಲುಚೀಲ ಬಿಚ್ಚಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಬಳ್ಳಿಯ ಗುಂಟ ನಡೆದಳು, ನಾನು ಹಿಂದೆ ಹೋದೆ.

ಬಳ್ಳಿಯ ತುದಿಯಲ್ಲಿ ನಿಂತು ಏಳು ಅಡಿಯನ್ನು ಒಮ್ಮೆ ನೋಡಿ, ನೆಲದ ಮೇಲೆ ಬೋರಲು ಮಲಗಿದಳು. ಕಾಲಿನ ಹೆಬ್ಬೆರಳು ಕುಡಿಯ ಪಕ್ಕದಲ್ಲಿ, ಎರಡೂ ಕೈ ಮುಂದಕ್ಕೆ.

'ದೊಡ್ಡವ್ವ, ನಾನು ಮಲಗ್ತೀನಿ, ನಾನು ನಿನಗಿಂತ ಉದ್ದ ಇದ್ದೀನಿ' ಎಂದೆ.

'ಮದ್ವೆ ಆಗ್ಬೇಕಾದ ಹೆಣ್ಣು ಬೀದೀಲಿ ಮಲಗದಾ? ಜನ ಏನಂದಾರು? ಸುಮ್ಕಿರು' ಎಂದಿತು ನೆಲದಿಂದ ಒಂದು ದನಿ.

ಮೇಷ್ಟ್ರು ಬಿಂದಿಗೆ ಬಿಟ್ಟು ತಮ್ಮ ಸೋರೆಯ ಮೇಲೆ ಓಡಿಬಂದರು. 'ನಿಯಮದ ಪ್ರಕಾರ ಇದು ತಪ್ಪು! ಬಳ್ಳಿ ಇರೋವರೆಗೆ ಮಾತ್ರ ಹೋಗ್ಬಹುದು ಅಂತಿದೆ. ಅವ್ರು ಆರಡಿ ಆಚೆ ಹೋಗಿದ್ದಾರೆ. ಸಿದ್ದಪ್ಪಾಜಿ, ಬರ್ಕೊಳ್ಳಿ!'

ಸಿದ್ದಪ್ಪಾಜಿ ಕುಕ್ಕರುಗಾಲಲ್ಲಿ ಕೂತು ದೊಡ್ಡವ್ವನ ಹೆಬ್ಬೆರಳನ್ನೂ ಕುಡಿಯನ್ನೂ ನೋಡಿದ. ಮೂವತ್ತು ವರ್ಷ ಇದೇ ಮೇಷ್ಟ್ರು ಪಿ.ಟಿ. ಚಡ್ಡಿಯ ಹೊಲಿಗೆ ಸರಿಯಿಲ್ಲವೆಂದು ಅವನನ್ನು ಶಾಲೆಗೆ ಕರೆಸಿ ನಿಲ್ಲಿಸಿದ್ದರು. 'ನೋಡಿ ಮೇಷ್ಟ್ರೇ,' ಎಂದ ನಿಧಾನವಾಗಿ, 'ಆಳು ನಿಂತಿರೋದು ಪಾದದ ಮೇಲೆ. ಪಾದ ಎಲ್ಲಿ ಅದೋ ಆಳು ಅಲ್ಲೇ. ಕೈ ಎಷ್ಟು ಉದ್ದ ಬಂದ್ರೂ ಅದು ತೋಳಿನ ಅಳತೆ. ತೋಳು ಬೇರೆ ಕಾಲಮ್ಮು.'

'ಅವ್ರು ನಿಂತಿಲ್ಲ, ಮಲಗಿದ್ದಾರೆ!'

'ಅಡ್ಡಡ್ಡ ನಿಂತವ್ರೆ' ಎಂದ ಸಿದ್ದಪ್ಪಾಜಿ.

ಗೌಸ್ ಸಾಬರು ತಮ್ಮ ಮೆಟ್ಟಿಲ ಮೇಲೆ ಬೋರಲು ಮಲಗಿ, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಇನ್ನೊಂದು ಕೈಯನ್ನು ಚಾಚಿದರು. ಕೈಯಲ್ಲಿ ಇಪ್ಪತ್ತೆಂಟು ಹಲ್ಲು. ಇಬ್ಬರ ಬೆರಳುಗಳ ನಡುವೆ ನಾಲ್ಕು ಅಂಗುಲ ಉಳಿಯಿತು. ದೊಡ್ಡವ್ವ ಉಸಿರು ಬಿಟ್ಟು ಉದ್ದವಾದಳು. ಸಾಬರು 'ಯಾ ಅಲ್ಲಾ' ಎಂದು ಉದ್ದವಾದರು. ಎರಡು ಅಂಗುಲ. ನಾನು ದೊಡ್ಡವ್ವನ ಎರಡೂ ಹಿಮ್ಮಡಿಯನ್ನು ಹಿಡಿದು ಬಳ್ಳಿಯ ಮೇಲೇ ಒತ್ತಿದೆ, ಜಾರಬಾರದೆಂದು. ಬೀದಿಯ ಹದಿನಾಲ್ಕು ಮನೆಯವರೂ ತಂತಮ್ಮ ಬಳ್ಳಿಯ ತುದಿಗೆ ಬಂದು ನಿಂತಿದ್ದರು. 'ಎಳಿ ಅವ್ವಾ, ಎಳಿ' ಎಂದು ಯಾರೋ ಕೂಗಿದರು. ದೊಡ್ಡವ್ವನ ಸೊಂಟದಲ್ಲಿ ಏನೋ ಲಟಕ್ ಎಂದಿತು, ಹಲ್ಲು ಅವಳ ಕೈಗೆ ಬಂತು.

ಅವಳು ಎದ್ದು, ಮಾಸ್ಕಿನ ಒಳಗೆ ಕೈ ಹಾಕಿ ಮೇಲಿನ ಸಾಲು ಕೂರಿಸಿದಳು, ಕೆಳಗಿನದನ್ನು ಕೂರಿಸಿದಳು. ದವಡೆ ಎರಡು ಸಲ ಆಡಿಸಿದಳು. ಸಾಬರು ಮಲಗಿದಲ್ಲಿಂದಲೇ, 'ಕೂತ್ಕೊಂತಾ ಅಕ್ಕಾ? ಲೂಸ್ ಇದ್ಯಾ? ಮೊದ್ಲು ಮೆತ್ತಗೆ ಮಾತಾಡಿ' ಎಂದರು. ಅವಳು ಅವರ ಕಡೆ ನೋಡಲಿಲ್ಲ. ಮೇಷ್ಟ್ರ ಕಡೆ ತಿರುಗಿದಳು.

'ಏಯ್ ಚೆಲುವ್ರಾಜ!'

ಆರು ವಾರದ ಮೇಲೆ ಆ ದನಿ ಕೇಳಿ, ನಲ್ಲಿಯ ಹತ್ತಿರ ಒಬ್ಬಾಕೆ ತನ್ನ ಬಿಂದಿಗೆಯನ್ನು ತಾನೇ ಹಿಂದಕ್ಕೆ ಸರಿಸಿದಳು.

'ಎಂಟು ಬಿಂದ್ಗೆ ಹಿಡಿಯಕೆ ನಿಮ್ಮಪ್ಪ ಕಟ್ಟಿಸಿದ ಕೆರೆಯೇನ್ಲಾ ಅದು? ಮೂವತ್ತು ವರ್ಷ ಸೀಟಿ ಊದಿ ಊರ ಮಕ್ಕಳ್ನ ಸಾಲಾಗಿ ನಿಲ್ಲಿಸ್ದೆ, ನೀನು ಒಂದಿನ ಸಾಲಲ್ಲಿ ನಿಂತಿದ್ದೀಯಾ? ಸೋರೆಗೆ ಹುಯ್ದು ಹುಯ್ದು ನಿನ್ನ ಕತ್ತಿನ ಮ್ಯಾಲೂ ಸೋರೆಬುರುಡೆ ಬೆಳ್ದದೆ, ಒಳಗೆ ಬೀಜನೂ ಇಲ್ಲ! ಮುಚ್ಚಿರೋ ಟೀ ಅಂಗಡಿಗೆ ಬಳ್ಳಿ ಬುಟ್ಟವ್ನೆ ಮಾರಾಯ, ಬೆಂಚಿಗೆ ಟೀ ಕುಡಿಸಕೆ!' ಇಲ್ಲಿ ಮೇಲಿನ ಸಾಲು ಕಳಚಿ ಮಾಸ್ಕಿನೊಳಗೆ ಬಿತ್ತು. ಅವಳು ಮಾಸ್ಕಿನ ಹೊರಗಿನಿಂದಲೇ ಅಂಗೈಯಲ್ಲಿ ಒತ್ತಿ ಮೇಲಕ್ಕೆ ಕೂರಿಸಿಕೊಂಡು ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಬಿತ್ತು, ಇನ್ನೊಮ್ಮೆ ಒತ್ತಿದಳು. ಮೂರನೆಯ ಸಲ, ಬಟ್ಟೆಯ ಹಿಂದಿನಿಂದ ಬೈದರೆ ಪೂರ್ತಿ ತಲುಪುವುದಿಲ್ಲ ಎನಿಸಿತೋ ಏನೋ, ಮಾಸ್ಕನ್ನು ಗದ್ದದ ಕೆಳಗೆ ಎಳೆದಳು.

'ಮಾಸ್ಕು, ಮಾಸ್ಕು!' ಎಂದ ಸಿದ್ದಪ್ಪಾಜಿ.

'ಥೂ, ನಿನ್ನ...' ಎಂದಳು ದೊಡ್ಡವ್ವ. ಹಲ್ಲು ಎರಡು ಸಾಲೂ ಒಟ್ಟಿಗೇ ಹಾರಿದವು. ಬಿಸಿಲಲ್ಲಿ ಒಮ್ಮೆ ಹೊಳೆದು, ನಮ್ಮ ಬಳ್ಳಿಯ ತುದಿ ದಾಟಿ, ಸಾಬರ ಕಲ್ಲುಚಪ್ಪಡಿಯ ಮೇಲೆ ಬಿದ್ದು, ಪುಟಿದು, ಮೇಷ್ಟ್ರ ಸೋರೆಬಳ್ಳಿಯ ಪಕ್ಕದಲ್ಲಿ ನಿಂತವು.

ನಮ್ಮಿಂದ ಹತ್ತು ಅಡಿ. ಮಲಗಿದರೂ ಎಟುಕದು. ಗೌಸ್ ಸಾಬರು ಕಣ್ಣು ಮುಚ್ಚಿಕೊಂಡರು. ದೊಡ್ಡವ್ವ ಅರ್ಧ ತೆರೆದ ಬಾಯಲ್ಲೇ ನಿಂತಿದ್ದಳು. ಅವಳು ಅಷ್ಟು ಚಿಕ್ಕವಳಾಗಿ ನನಗೆ ಯಾವತ್ತೂ ಕಂಡಿರಲಿಲ್ಲ.

ಹಲ್ಲಿಗೆ ಹತ್ತಿರ ಇದ್ದವರು ಮೇಷ್ಟ್ರೊಬ್ಬರೇ. ಅವರು ಹಲ್ಲು ನೋಡಿದರು, ದೊಡ್ಡವ್ವನನ್ನು ನೋಡಿದರು, ಬಳ್ಳಿಗಳ ತುದಿಯಲ್ಲಿ ನಿಂತ ಬೀದಿಯವರನ್ನು ನೋಡಿದರು. ಅಲ್ಲೇ ಬಿಟ್ಟು ಹೋಗಬಹುದಿತ್ತು. ಒಂದು ಹೆಜ್ಜೆ ತಪ್ಪಿ ಇಟ್ಟೆ ಎಂದು ತುಳಿಯಲೂಬಹುದಿತ್ತು. ಅವರು ಬಗ್ಗಿ ಎರಡೂ ಸಾಲನ್ನು ಎತ್ತಿಕೊಂಡು, ಜೇಬಿನ ಕರವಸ್ತ್ರದಲ್ಲಿ ಮಣ್ಣು ಒರೆಸಿ, ಸೋರೆಬಳ್ಳಿಯ ಗುಂಟ ಹಿಂದಕ್ಕೆ ನಡೆದು, ಎರಡು ಬಳ್ಳಿ ಸೇರುವ ಜಾಗಕ್ಕೆ ಬಂದು ನಿಂತರು. ದೊಡ್ಡವ್ವನೂ ಅಲ್ಲಿಗೆ ಬಂದಳು.

'ತಗೊಳ್ಳಿ,' ಎಂದರು ಮೇಷ್ಟ್ರು. 'ಹಾಕ್ಕೊಳ್ಳಿ. ಅರ್ಧಕ್ಕೆ ನಿಲ್ಲಿಸಿದ್ರೆ ನಂಗೂ ರಾತ್ರಿ ನಿದ್ದೆ ಬರಲ್ಲ.'

ಅವಳು ಹಲ್ಲು ಇಸಿದುಕೊಂಡು ಸೆರಗಿನಲ್ಲಿ ಇನ್ನೊಮ್ಮೆ ಒರೆಸಿ, ಕೂರಿಸಿಕೊಂಡು, ಒಂದು ಕೈಯಿಂದ ಗದ್ದವನ್ನು ಕೆಳಗಿನಿಂದ ಒತ್ತಿ ಹಿಡಿದಳು.

'...ಮಕಕ್ಕೆ!' ಎಂದಳು. ಆಮೇಲೆ ಕಾಲು ಗಂಟೆ ನಿಲ್ಲಿಸಲಿಲ್ಲ. ಮೇಷ್ಟ್ರು ಕೈಕಟ್ಟಿ ಅಟೆನ್ಷನ್ನಿನಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು.

ಮರುದಿನ ಅವರು ನಲ್ಲಿಗೆ ಮೂರು ಬಿಂದಿಗೆ ತಂದು ಸಾಲಿನ ಕೊನೆಗೆ ಇಟ್ಟರು. ದೊಡ್ಡವ್ವ ಮಿಂದಳು. ಆಮೇಲೆ ಕನ್ನಡಿ ಹಿಡಿದು ಬಾಯಿ ತೆಗೆದು ನೋಡಿಕೊಂಡು, ನನ್ನನ್ನು ಕರೆದು ಎಣಿಸು ಎಂದಳು. ನಾನು ಎರಡು ಸಲ ಎಣಿಸಿದೆ. ಮೇಲಿನ ಸಾಲಿನಲ್ಲಿ ಮುಂದಿನವು ಎರಡು, ಕೆಳಗಿನದರಲ್ಲಿ ದವಡೆಯದು ಒಂದು. ಸಾಬರ ಕಲ್ಲುಚಪ್ಪಡಿಗೆ ಬಿದ್ದು ಇಪ್ಪತ್ತೆಂಟರಲ್ಲಿ ಮೂರು ಹೋಗಿದ್ದವು.